ಟೇಪಿಗೆ ಸಿಕ್ಕ ಹೊಟ್ಟೆಗಳು

ಕೊಬ್ಬಿನ ಮೇಲೆ ಸಂಶೋಧನೆ ಮಾಡುವವನಿಗೆ ಹೊಟ್ಟೆಪಾಡಿಗೂ ಕೊರತೆಯಿಲ್ಲ, ನಗೆಪಾಟಲಿಗೂ ಕೊರತೆಯಿಲ್ಲ. ಮೈಸೂರಿನ ಲ್ಯಾಬಿನಲ್ಲಿ ಇಲಿಗಳ ಕೊಬ್ಬು ನೋಡುತ್ತ ಕೂತಿದ್ದಷ್ಟು ಕಾಲ ನನಗೇನೂ ಆಗಲಿಲ್ಲ. ಇಲಿಗಳು ತಿರುಗಿ ಮಾತಾಡುವುದಿಲ್ಲ. ಮನುಷ್ಯರ ಕೊಬ್ಬನ್ನೂ ನೋಡೋಣವೆಂದು ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹಳ್ಳಿಗಳಿಗೆ ಇಳಿದೆ ನೋಡಿ, ಅಂದಿನಿಂದ ಒಂದಲ್ಲ ಒಂದು ಆಗುತ್ತಲೇ ಇದೆ.

ನಮ್ಮ ಕೆಲಸ ಹೇಳುವುದಕ್ಕೆ ಸುಲಭ. ಸಕ್ಕರೆ ಕಾಯಿಲೆ ಶುರುವಾಗಿರುವವರ ಸೊಂಟ ಅಳೆಯಬೇಕು, ರಕ್ತ ತೆಗೆಯಬೇಕು, ಒಪ್ಪಿದವರ ಹೊಟ್ಟೆಯ ಚರ್ಮದ ಕೆಳಗಿನಿಂದ ಕಡಲೆಕಾಳಿನಷ್ಟು ಕೊಬ್ಬನ್ನು ಸೂಜಿಯಲ್ಲಿ ಎಳೆದು ತರಬೇಕು. ಆಮೇಲೆ ಅವರ ಊಟ, ನಡಿಗೆ ತಿದ್ದಿ, ಆ ಕೊಬ್ಬು ಹೇಗೆ ಬದಲಾಗುತ್ತದೆ ಎಂದು ನೋಡಬೇಕು. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳುವುದಿಲ್ಲವೆಂದು ಪ್ರತಿಯೊಬ್ಬರಿಗೂ ಮಾತು ಕೊಡುತ್ತೇವೆ. ಈ ಮಾತೇ ಮುಂದೆ ನನ್ನ ಕುತ್ತಿಗೆಗೆ ಬಂತು. ಇಲ್ಲಿ ಬರುವ ಇಬ್ಬರು ದೊಡ್ಡ ಮನುಷ್ಯರು "ಬರೀರಿ ಸಾ, ಈಗ ಊರಿಗೆಲ್ಲ ಗೊತ್ತಾಗ್ಬುಟ್ಟದೆ" ಅಂದಮೇಲೆಯೇ ಬರೆಯುತ್ತಿದ್ದೇನೆ.

ನನ್ನ ಜೊತೆ ಕೆಲಸ ಮಾಡುವವರು ಹನೂರಿನ ಒಬ್ಬ ನರ್ಸಮ್ಮ. ಕೈ ಮೆತ್ತಗೆ, ನಾಲಿಗೆ ಚುರುಕು. ಇನ್ನು ನನ್ನ ಬಗ್ಗೆ ಒಂದೇ ಮಾತು ಸಾಕು. ಕೊಬ್ಬಿನ ತಜ್ಞನಾದ ನನಗೂ ಧಾರಾಳವಾಗಿ ಹೊಟ್ಟೆ ಇದೆ.

ಉಬ್ಬಿಸಿದವರು

ಮೈಸೂರಿನಲ್ಲಿ ಟೇಪು ತೆಗೆದರೆ ಗಂಡಸರು ಉಸಿರು ಕಟ್ಟಿ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಕೊಳ್ಳೇಗಾಲದ ಪಕ್ಕದ ಹಳ್ಳಿಯೊಂದರ ಹಾಲಿನ ಡೇರಿ ಜಗಲಿಯಲ್ಲಿ ನಾವು ಮೊದಲ ಸಲ ಟೇಪು ತೆಗೆದಾಗ ಸಾಲಿನಲ್ಲಿದ್ದವರೆಲ್ಲ ಹೊಟ್ಟೆಯನ್ನು ಮುಂದಕ್ಕೆ ಬಿಟ್ಟು ನಿಂತರು.

ಮೊದಲು ಬಂದವರು ಊರಿನ ಯಜಮಾನರು. ಗದ್ದೆ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ ಎಲ್ಲ ಇದ್ದವರು. ಅಂಗಿ ಎತ್ತಿ, ಉಡಿದಾರವನ್ನು ಕೆಳಕ್ಕೆ ಸರಿಸಿ ಗಂಭೀರವಾಗಿ ನಿಂತರು. ನಾನು ಬರೆದುಕೊಳ್ಳಲೆಂದು ನರ್ಸಮ್ಮ ಅಳತೆಯನ್ನು ಗಟ್ಟಿಯಾಗಿ ಹೇಳಿದರು. ಸಾಲಿನಿಂದ "ಓ..." ಎಂಬ ಮೆಚ್ಚುಗೆ ಬಂತು. ಯಜಮಾನರು ಮೀಸೆ ತೀಡಿಕೊಂಡರು.

ಅಲ್ಲಿಂದ ಮುಂದೆ ಯಾರೂ ಉಸಿರು ಬಿಡಲು ತಯಾರಿಲ್ಲ. ಹಂಚಿಕಡ್ಡಿಯಂತಿದ್ದ ಒಬ್ಬ ರೈತ ತನ್ನ ಅಳತೆ ಕೇಳಿ ಜಗಳಕ್ಕೇ ನಿಂತ. "ಉಣ್ಣದೆ ಬನ್ನಿ ಅಂದೋರು ನೀವೇ ಸಾ. ಮುದ್ದೆ ಉಂಡ್ಮೇಲೆ ಅಳೀರಿ, ಆಗ ನೋಡಿ ನಂದು ಎಷ್ಟ್ ಬತ್ತದೆ ಅಂತ!"

ರಕ್ತದ ಫಲಿತಾಂಶ ಬಂದ ದಿನ ಯಜಮಾನರಿಗೆ ಸಕ್ಕರೆ ಇರುವುದು ಗೊತ್ತಾಯಿತು. ಅವರು ನಮ್ಮಿಬ್ಬರನ್ನೂ ಡೇರಿಯ ಹಿಂದಕ್ಕೆ ಕರೆದುಕೊಂಡು ಹೋದರು. ಮೀಸೆಯ ಜೋರು ಇಳಿದಿತ್ತು.

"ಸಾ, ಮನೇಲಿ ಮಗಳವಳೆ. ಗಂಡು ನೋಡ್ತಾ ಇವ್ನಿ. ಅಪ್ಪಂಗೆ ಸಕ್ಕರೆ ಅಂತ ಒಬ್ಬರ ಕಿವಿಗೆ ಬಿದ್ರೂ ಮಗಳಿಗೂ ಬತ್ತದೆ ಅಂದ್ಕಂಡು ಬಂದೋರು ಕಾಪಿ ಕುಡೀದೇ ಎದ್ದೋಯ್ತಾರೆ. ಇದು ಆಚೆ ಓಗ್ಬಾರ್ದು."

"ನಮ್ಮಿಂದ ಹೋಗುವುದಿಲ್ಲ. ಆದರೆ ಈ ಹೊಟ್ಟೆ ಇಳಿಸಲೇಬೇಕು" ಎಂದೆ.

ಅವರು ತಮ್ಮ ಹೊಟ್ಟೆಯನ್ನು ಪ್ರೀತಿಯಿಂದ ಸವರಿಕೊಂಡರು. ಆಮೇಲೆ ನಿಧಾನಕ್ಕೆ ನನ್ನದನ್ನು ನೋಡಿದರು.

"ನಿಮ್ದು?"

"ನನ್ನದೂ ಇಳಿಸಬೇಕು. ಇಳಿಸುತ್ತಾ ಇದ್ದೇನೆ."

"ಯಾವಾಗಿಂದ ಸಾ?"

ನಾನು ಬಾಯಿ ತೆರೆಯುವ ಮೊದಲೇ ನರ್ಸಮ್ಮ ಟೇಪು ಸುತ್ತಿಕೊಳ್ಳುತ್ತ ಹೇಳಿದರು, "ನಾನು ಕೆಲ್ಸಕ್ಕೆ ಸೇರ್ದಾಗಿಂದ್ಲೂ ಇಳಿಸ್ತಾನೇ ಅವ್ರೆ ಬುದ್ಧಿ."

ಒಬ್ಬಳೇ ಕುಡಿದರೆ ಹೇಗೆ

ಇದು ಹನೂರು ಕಡೆಯ ಲೊಕ್ಕನಹಳ್ಳಿಯ ಮಾತು. ಅಲ್ಲಿ ಹೆಂಗಸರಿಗೆ ಗ್ಲೂಕೋಸ್ ಪರೀಕ್ಷೆ ಇಟ್ಟುಕೊಂಡಿದ್ದೆವು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಕು. ಮೊದಲು ರಕ್ತ ಕೊಟ್ಟು, ಲೋಟದ ತುಂಬ ಗ್ಲೂಕೋಸ್ ನೀರು ಕುಡಿದು, ಕಾದು ಕೂತು, ಮತ್ತೆ ರಕ್ತ ಕೊಡಬೇಕು. ಕುಡಿದ ಸಕ್ಕರೆಯನ್ನು ಮೈ ಹೇಗೆ ಸಂಭಾಳಿಸುತ್ತದೆ ಎಂದು ಅದರಿಂದ ತಿಳಿಯುತ್ತದೆ.

ಮೊದಲು ಕುಡಿದ ಹೆಂಗಸಿನ ಫಲಿತಾಂಶ ನೋಡಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅಷ್ಟು ಗ್ಲೂಕೋಸ್ ಕುಡಿದರೂ ಆಕೆಯ ರಕ್ತದಲ್ಲಿ ಸಕ್ಕರೆ ಏರಿಯೇ ಇರಲಿಲ್ಲ. ಅದಕ್ಕಿಂತ ವಿಚಿತ್ರ ಎಂದರೆ ಸರದಿಗಾಗಿ ಕಾಯುತ್ತಿದ್ದ ಉಳಿದವರಿಗೆಲ್ಲ ಕುಡಿಯುವ ಮೊದಲೇ ಸಕ್ಕರೆ ಏರಿತ್ತು. ಕಾಡಂಚಿನ ಊರು, ರಾಗಿ ತಿನ್ನುವ ಜನ, ಇವರ ಮೈಯಲ್ಲಿ ಏನೋ ಹೊಸ ಗುಟ್ಟಿದೆ ಎಂದು ನನಗೆ ಖಾತ್ರಿಯಾಯಿತು. ಮೈಸೂರಿನ ಸಹೋದ್ಯೋಗಿಗೆ ಫೋನು ಮಾಡಿ, "ಕೈಗೆ ದೊಡ್ಡದೊಂದು ಸಿಕ್ಕಿದೆ" ಎಂದೂ ಹೇಳಿಬಿಟ್ಟೆ.

ಮರುವಾರ ಹೋಗಿ ಆಕೆಯನ್ನೇ ಕೇಳಿದೆ. "ಅಮ್ಮ, ಅವತ್ತು ಕೊಟ್ಟದ್ದನ್ನು ಪೂರ್ತಿ ಕುಡಿದಿರಾ?"

ಆಕೆ ನನ್ನನ್ನೇ ನೋಡಿದರು. "ಅಷ್ಟ್ ಜನ ಎದುರ್ಗೆ ಅಸ್ಕಂಡು ಕುಂತವ್ರೆ, ನಾನೊಬ್ಳೇ ಗಟಗಟ ಅಂತ ಕುಡಿಯಕಾಯ್ತದಾ ಸಾ? ನಾವೇನ್ ಮನುಸ್ರಲ್ವಾ? ಎಲ್ರಿಗೂ ಒಸಿ ಒಸಿ ಉಯ್ದುಬುಟ್ಟು, ಕೊನೇಲಿ ನಾನೂ ಒಂದ್ ಗುಟುಕು ಕುಡ್ದೆ."

ನನ್ನ ದೊಡ್ಡ ಸಂಶೋಧನೆ ಅಲ್ಲಿಗೆ ಮುಗಿಯಿತು. ಪರೀಕ್ಷೆಯನ್ನು ಹೊಸದಾಗಿ ಮಾಡಬೇಕಾಯಿತು. ಈ ಸಲ ಒಬ್ಬೊಬ್ಬರನ್ನೇ ಶಾಲೆಯ ಖಾಲಿ ಕೊಠಡಿಗೆ ಕಳಿಸಿ, ಬಾಗಿಲು ಮುಂದಕ್ಕೆ ಮಾಡಿ, "ಯಾರಿಗೂ ಕೊಡದೆ ಕುಡಿಯಿರಿ" ಎಂದು ಕೈಮುಗಿದು ಹೇಳಿದೆ. ಆಕೆ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದು, ಅರ್ಧ ತುಂಬಿದ ಲೋಟವನ್ನು ಸೆರಗಿನ ಮರೆಯಲ್ಲಿ ನನ್ನ ಕೈಗಿಟ್ಟರು.

"ಯಾರ್ಗೂ ಕೊಟ್ಟಿಲ್ಲ ಸಾ. ನೀವೂ ಬೆಳಿಗ್ಗಿಂದ ಏನೂ ಕುಡ್ದಿಲ್ವಲ್ಲ, ತಕ್ಕಳಿ."

ಹೋರಿ ಹುಡುಕುವ ಯಜಮಾನರು

ಕೊಳ್ಳೇಗಾಲದ ಕಡೆಯ ನಮ್ಮ ಯಜಮಾನರಿಗೆ ದಿನಾ ಬೆಳಿಗ್ಗೆ ಬಿರುಸಾಗಿ ನಡೆಯಿರಿ ಎಂದಿದ್ದೆ. ಪೇಟೆಯಲ್ಲಿ ಬೂಟು ಹಾಕಿಕೊಂಡು ಸುಮ್ಮನೆ ಸುತ್ತಿದರೆ ಯಾರೂ ಕೇಳುವುದಿಲ್ಲ. ಹಳ್ಳಿಯಲ್ಲಿ ಹಾಗಲ್ಲ. ಎದುರಿಗೆ ಸಿಕ್ಕ ಪ್ರತಿಯೊಬ್ಬರೂ "ಎಲ್ಲಿಗ್ ಓಯ್ತಿದ್ದೀರಿ ಯಜಮಾನ್ರೇ?" ಎಂದು ಕೇಳುತ್ತಾರೆ. ಕೇಳದಿದ್ದರೆ ಅದು ಅಗೌರವ. ಎಲ್ಲಿಗೂ ಇಲ್ಲ, ಸುಮ್ಮನೆ ನಡೀತಿದ್ದೀನಿ ಎಂದರೆ ಮನೆಯಲ್ಲಿ ಜಗಳವೋ ತಲೆ ಕೆಟ್ಟಿದೆಯೋ ಎಂದು ಊರು ತೀರ್ಮಾನಿಸುತ್ತದೆ. ಸಕ್ಕರೆಯ ವಿಷಯ ಹೇಳುವಂತಿಲ್ಲ.

ಯಜಮಾನರು ಯೋಚಿಸಿ ಕೈಯಲ್ಲಿ ಒಂದು ಹಗ್ಗ ಹಿಡಿದುಕೊಂಡು ಹೊರಟರು. ಯಾರು ಕೇಳಿದರೂ ಒಂದೇ ಉತ್ತರ, "ಓರಿ ತಪ್ಪಿಸ್ಕಂಡದೆ ಕಣ್ಲಾ, ಉಡುಕ್ತಾ ಇವ್ನಿ." ಬಿರುಸಾಗಿ ನಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕೆ? ಸುಳ್ಳು ಚೆನ್ನಾಗಿಯೇ ನಡೆಯಿತು. ನಡೆದು ನಡೆದು ಅದು ಯಜಮಾನರನ್ನೂ ಮೀರಿ ಮುಂದೆ ಹೋಯಿತು.

ಯಜಮಾನರಿಗೆ ಹೀಗಾಗಿದೆಯಲ್ಲ ಎಂದು ಊರಿಗೆ ಊರೇ ಮರುಗಿತು. ಡೇರಿಯ ಮೈಕಿನಲ್ಲಿ ಕೂಗಿಸಿದರು. ಹುಡುಗರು ಬೈಕು ಹತ್ತಿ ಹನೂರಿನ ರಸ್ತೆಯವರೆಗೂ ಹುಡುಕಿದರು. ಪಕ್ಕದ ಮನೆಯ ಅವ್ವ ಮಾದಪ್ಪನಿಗೆ ಕಾಯಿ ಒಡೆಸುವ ಹರಕೆ ಹೊತ್ತರು. ಮಾದಪ್ಪ ಕೈಬಿಡಲಿಲ್ಲ. ಒಂದು ದಿನ ಆಚೆ ಊರಿನ ನಾಲ್ಕು ಜನ ಒಂದು ಬಿಳಿ ಹೋರಿಯನ್ನು ಹೊಡೆದುಕೊಂಡು ಬಂದು ಯಜಮಾನರ ಹಟ್ಟಿಯಲ್ಲಿ ಕಟ್ಟಿ, ಬೆವರು ಒರೆಸಿಕೊಂಡರು.

ಇದು ನನ್ನದಲ್ಲ ಎಂದರೆ ನಿಮ್ಮದು ಹೇಗಿತ್ತು ಎಂದು ಕೇಳುತ್ತಾರೆ. ಯಜಮಾನರು ಬಂದವರಿಗೆ ಕಾಪಿ ಕೊಟ್ಟು, ಹೋರಿಗೆ ಹುಲ್ಲು ಹಾಕಿದರು. ಹೋರಿಯ ಅಸಲಿ ಒಡೆಯ ಕೂಗಾಡುತ್ತ ಬರುವ ಹೊತ್ತಿಗೆ ಸರಿಯಾಗಿ ನಾವು ರಕ್ತ ತೆಗೆಯಲು ಅಲ್ಲಿಗೆ ಹೋದೆವು.

"ನನ್ ಓರಿ ನಿಮ್ಮಟ್ಟೀಲಿ ಯಾಕ್ ಕಟ್ಟಿದ್ದೀರಿ ಯಜಮಾನ್ರೇ? ದೊಡ್ಡೋರಾದ್ರೆ ಏನ್ ಬೇಕಾದ್ರೂ ಮಾಡ್ಬೋದಾ?"

ಯಜಮಾನರು ನನ್ನ ಮುಖ ನೋಡಿದರು. ನನ್ನ ಬಾಯಿಂದ ಬಂದದ್ದು ಇಷ್ಟೆ, "ಅದು ನಮ್ಮ ಸಂಶೋಧನೆಗೆ ಬೇಕಿತ್ತು. ಅದರ ಸೊಂಟ ಅಳೆಯಬೇಕಿತ್ತು." ಹೇಳಿದ ಮೇಲೆ ಅಳೆಯದೆ ಬೇರೆ ದಾರಿ ಇರಲಿಲ್ಲ. ನರ್ಸಮ್ಮ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಎರಡು ಟೇಪು ಗಂಟು ಹಾಕಿ, ಹೋರಿಯ ಹೊಟ್ಟೆಗೆ ಸುತ್ತಿ, ಅಳತೆ ಹೇಳಿದರು. ನಾನು ಗಂಭೀರವಾಗಿ ಬರೆದುಕೊಂಡೆ.

ಒಡೆಯನ ಕೋಪ ಅಲ್ಲೇ ಇಳಿಯಿತು. ಹೋರಿಯ ಬೆನ್ನು ಚಪ್ಪರಿಸುತ್ತ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಸಾ, ಯಜಮಾನ್ರುದಕ್ಕಿಂತ ಜಾಸ್ತಿ ಬಂತಾ?"

ಕಡಲೆಕಾಳಿನಷ್ಟು

ಯಳಂದೂರಿನಲ್ಲಿ ಕೊಬ್ಬು ತೆಗೆಯುವ ಸೂಜಿಗೆ ಯಾರೂ ಒಪ್ಪುವುದಿಲ್ಲ ಎಂದು ಹೆದರಿದ್ದೆ. ಮೊದಲು ಬಂದ ಹೆಂಗಸು ಮರಗಟ್ಟುವ ಇಂಜೆಕ್ಷನ್ ಚುಚ್ಚಿಸಿಕೊಂಡು, ಹಲ್ಲು ಕಚ್ಚಿ ಮಲಗಿದ್ದು, ಕೊನೆಗೆ ಶೀಷೆಯಲ್ಲಿದ್ದ ಹಳದಿ ಚೂರನ್ನು ನೋಡಿ ಮುಖ ಸಪ್ಪಗೆ ಮಾಡಿಕೊಂಡರು. "ಮೈಸೂರಿಂದ ಇಷ್ಟಕ್ಕೆ ಬಂದ್ರಾ? ಈ ಪಕ್ಕಾನೂ ಒಸಿ ತಕ್ಕಳಿ ಸಾ. ನಾನೇನ್ ಬ್ಯಾಡ ಅಂದ್ನಾ?"

ಎಲ್ಲರೂ ಹೋದಮೇಲೆ ತಲೆಗೆ ಟವಲು ಸುತ್ತಿಕೊಂಡು ಒಬ್ಬರು ಒಳಗೆ ನುಸುಳಿದರು. ಅಕ್ಕಿ ಮಿಲ್ಲಿನ ಸಾಹುಕಾರರು. ಸಕ್ಕರೆ ಬಂದಿದೆಯೆಂದು ಗೊತ್ತಾದಾಗಿನಿಂದ ಅನ್ನ ಕಡಿಮೆ ಮಾಡಿ ಮುದ್ದೆ ಹಿಡಿದಿದ್ದರು. ಅದನ್ನೂ ಮಿಲ್ಲಿನ ಆಫೀಸಿನ ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದರು.

"ಮಿಲ್ಲಿನೋನೇ ಅನ್ನ ಬುಟ್ಟವ್ನೆ ಅಂತ ಗೊತ್ತಾದ್ರೆ ನನ್ ಅಕ್ಕಿ ಯಾರ್ ತಕ್ಕತಾರೆ ಸಾ? ಸಾಲ್ದುದಕ್ಕೆ ಮಗನಿಗೆ ಎಣ್ಣು ನೋಡ್ತಾ ಇವ್ನಿ."

ಸೂಜಿಗೆ ಅವರು ಹೆದರಲಿಲ್ಲ. ತೆಗೆದ ಚೂರಿನ ಬಗ್ಗೆ ಮಾತ್ರ ಭಾರೀ ಚಿಂತೆ.

"ಇದ್ನ ಎಲ್ಲಿ ಮಡಗ್ತೀರಿ?"

"ಮೈಸೂರಿನಲ್ಲಿ, ಫ್ರೀಜರಿನಲ್ಲಿ."

"ಡಬ್ಬಿ ಮೇಲೆ ನನ್ ಎಸ್ರು ಬರೀತೀರಾ?"

"ಇಲ್ಲ, ಬರೀ ನಂಬರು."

"ಮಿಲ್ಲಿನ ಎಸ್ರು?"

"ಅದೂ ಇಲ್ಲ."

ಸಾಹುಕಾರರು ಅಂಗಿ ಇಳಿಸಿಕೊಂಡು ನಿಟ್ಟುಸಿರು ಬಿಟ್ಟರು. "ಒಳ್ಳೇದಾಯ್ತು ಬುಡಿ. ಇಲ್ದಿದ್ರೆ ಇದೂ ನಮ್ ಮಿಲ್ಲಿಂದೇ ಬಂದಿರ ಮಾಲು ಅಂದ್ಕತಿದ್ರು."

ಹೊಟ್ಟೆ ವಾಪಸು

ಹೋರಿ ಸಿಕ್ಕಿದ ಮೇಲೂ ಕೊಳ್ಳೇಗಾಲದ ಯಜಮಾನರು ನಡಿಗೆ ಬಿಡಲಿಲ್ಲ. ಈಗ ಕೈಯಲ್ಲಿ ಹಗ್ಗದ ಬದಲು ಕುಡುಗೋಲು. ತಿಂಗಳುಗಳು ಕಳೆದವು, ಸಕ್ಕರೆ ಹತೋಟಿಗೆ ಬಂತು, ಹೊಟ್ಟೆ ಕರಗಿತು, ಉಡಿದಾರ ಜಾರತೊಡಗಿತು. ನನ್ನ ಇಡೀ ಅಧ್ಯಯನದಲ್ಲಿ ಅವರಷ್ಟು ಚೆನ್ನಾಗಿ ನಡೆದುಕೊಂಡವರು ಇನ್ನೊಬ್ಬರಿಲ್ಲ. ನಾನು ಖುಷಿಯಲ್ಲಿ ತೇಲುತ್ತಿದ್ದೆ.

ಅವರು ಮಾತ್ರ ಮುಖ ಒಣಗಿಸಿಕೊಂಡು ಬಂದರು. "ಊರಲ್ಲೆಲ್ಲ ಯಜಮಾನ್ರು ಇಳಿದೋದ್ರು ಅಂತಾವ್ರೆ. ಒಬ್ರು ತುಪ್ಪ ತಂದ್ಕೊಡ್ತಾರೆ, ಒಬ್ರು ಕೊಬ್ಬರಿ ಬೆಲ್ಲ ತತ್ತಾರೆ. ಓದ್ ತಿಂಗ್ಳು ಬಂದಿದ್ದ ಗಂಡಿನೋರು ನನ್ನೇ ಮೇಲಿಂದ ಕೆಳಗಂಟ ನೋಡ್ಬುಟ್ಟು, ಈ ಮನೇಲಿ ಏನೋ ಕಾಯ್ಲೆ ಅದೆ ಅಂದ್ಬುಟ್ಟು ಎದ್ದೋದ್ರು. ಈಗ ಇನ್ನೊಂದು ಸಂಬಂಧ ಬಂದದೆ. ಉಡುಗಿ ನೋಡಕ್ಕೆ ಬಂದಾಗ ಜ್ವರ ಅಂತ ಕಂಬ್ಳಿ ಒದ್ಕಂಡು ಕುಂತಿದ್ದೆ. ಮುಂದಿನ್ ವಾರ ವೀಳ್ಯ ಬದ್ಲಾಯಿಸ್ಕಬೇಕು. ಆವತ್ತು ಗಂಡಿನಪ್ಪನೂ ಬತ್ತಾರೆ. ಕಂಬ್ಳಿ ಒದ್ಕಂಡು ವೀಳ್ಯ ಇಡಿಯಕಾಯ್ತದಾ?"

ಜಾರುತ್ತಿದ್ದ ಉಡಿದಾರವನ್ನು ಮೇಲಕ್ಕೆ ಎಳೆದುಕೊಂಡು ಹೇಳಿದರು, "ನನ್ ಮಗಳು ಯಾವ್ದುನ್ನೂ ಬಾಯ್ಬುಟ್ಟು ಕೇಳ್ದೋಳಲ್ಲ ಸಾ. ಈ ಉಡುಗ ಅವ್ಳಿಗೆ ಇಷ್ಟ ಆಗವ್ನೆ. ನನ್ನಿಂದ ಇದು ಮುರಿದ್ರೆ ಅವ್ಳ ಮೊಖ ಎಂಗ್ ನೋಡ್ಲಿ? ಒಂದ್ ದಿವ್ಸಕ್ಕೆ ನನ್ನೊಟ್ಟೆ ವಾಪಸ್ ಕೊಡಿ."

ಕರಗಿದ ಕೊಬ್ಬನ್ನು ಒಂದು ವಾರದಲ್ಲಿ ವಾಪಸು ತರಲು ಆಗದೆಂದು ನಾನು ವಿವರಿಸಿದೆ. "ನಾಳೆಯಿಂದ್ಲೇ ಮೂರೊತ್ತೂ ಒಬ್ಬಟ್ಟು ತಿಂತೀನಿ, ಎಂಗ್ ಬರಕ್ಕಿಲ್ಲ ನೋಡ್ತೀನಿ" ಎಂದರು. ಆಗ ನರ್ಸಮ್ಮ, "ಒಬ್ಬಟ್ಟು ಯಾಕೆ ಬುದ್ಧಿ, ಟವಲ್ ಕಟ್ಕಳಿ" ಎಂದರು.

ವೀಳ್ಯದ ಹಿಂದಿನ ದಿನ ಹೋಗಿ ಕಟ್ಟಿಯೂ ನೋಡಿದೆವು. ಮಗಳೇ ಟವಲುಗಳನ್ನು ಮಡಿಸಿ ಕೊಟ್ಟು, ಪಿನ್ನು ಹಾಕಿ, ನಗು ತಡೆಯಲಾರದೆ ಅಡಿಗೆ ಮನೆಗೆ ಓಡಿದಳು. ನರ್ಸಮ್ಮ ಡೇರಿಯ ಮೊದಲ ದಿನದ ಅಳತೆಯನ್ನು ನನ್ನಿಂದ ಕೇಳಿ, ಟೇಪು ಸುತ್ತಿ ನೋಡಿ, ತಲೆ ಅಲ್ಲಾಡಿಸಿದರು.

"ಸಾಲ್ದು ಬುದ್ಧಿ. ಇನ್ನೊಂದ್ ಟವಲ್ ಬೇಕು."

ವೀಳ್ಯದ ದಿನ

ಯಜಮಾನರು ನನ್ನನ್ನೂ ಕರೆದಿದ್ದರು. ಮೈಸೂರಿನ ಡಾಕ್ಟರು, ಮನೆಗೆ ಬೇಕಾದವರು ಎಂದು ಹೇಳಿ ಚಪ್ಪರದ ಮುಂದಿನ ಸಾಲಿನಲ್ಲಿ ಕೂರಿಸಿದರು. ಟವಲುಗಳ ಹಿಂದೆ ಅವರು ಹಳೆಯ ಯಜಮಾನರೇ ಆಗಿದ್ದರು, ಮೀಸೆಗೂ ಜೀವ ಬಂದಿತ್ತು.

ಗಂಡಿನವರ ವ್ಯಾನು ಬಂತು. ಹುಡುಗ ಇಳಿದ, ಅವನ ತಾಯಿ ಇಳಿದರು, ಮಾದಪ್ಪನ ಬೆಟ್ಟದಲ್ಲಿ ಅಂಗಡಿ ಇಟ್ಟಿರುವ ಸೋದರತ್ತೆ ಗಟ್ಟಿ ದನಿಯಲ್ಲಿ ಮಾತಾಡುತ್ತ ಇಳಿದರು. ಕೊನೆಗೆ ಹುಡುಗನ ತಂದೆ ಇಳಿದರು. ಯಳಂದೂರಿನ ಅಕ್ಕಿ ಮಿಲ್ಲಿನ ಸಾಹುಕಾರರು.

ಹೋದ ವಾರವಷ್ಟೇ ಅವರನ್ನು ಅಳೆದು, ಚೆನ್ನಾಗಿ ಇಳಿದಿದ್ದೀರಿ ಎಂದು ಬೆನ್ನು ತಟ್ಟಿದ್ದೆ. ಈಗ ಜುಬ್ಬದೊಳಗೆ ದುಂಡಗೆ ಹೊಟ್ಟೆ ಇತ್ತು. ಒಂದು ವಾರದಲ್ಲಿ ಇಷ್ಟು ಕೊಬ್ಬು ಹೇಗೆ ಬೆಳೆಯಿತು ಎಂದು ನನ್ನೊಳಗಿನ ಸಂಶೋಧಕ ಒಂದು ಕ್ಷಣ ಗಾಬರಿಯಾದ. ಅಷ್ಟರಲ್ಲಿ ಸಾಹುಕಾರರು ನನ್ನನ್ನು ನೋಡಿ, ಮುಖ ಬಿಳಿಚಿಕೊಂಡು, ತೋಳು ಹಿಡಿದು ಕೊಟ್ಟಿಗೆಗೆ ಎಳೆದುಕೊಂಡು ಹೋದರು.

"ದಿಂಬು ಕಣ್ ಸಾ, ದಿಂಬು! ಎಣ್ಣಿನೋರ ತಾವ ಬಾಯ್ಬುಡಬ್ಯಾಡಿ. ಬೀಗ್ರ ಒಟ್ಟೆ ನೋಡಿ, ಎಷ್ಟ್ ಲಕ್ಷಣವಾಗದೆ! ಅವ್ರ ಮುಂದೆ ನಾನು ಕಡ್ಡಿ ಅಂಗೆ ನಿಂತ್ರೆ ಮಗಳ್ನ ಕೊಡ್ತಾರಾ?"

ಅವರು ಹೊರಗೆ ಹೋಗುತ್ತಿದ್ದಂತೆ ಯಜಮಾನರು ಅದೇ ಕೊಟ್ಟಿಗೆಗೆ ಬಂದರು. "ಬೀಗ್ರ ಒಟ್ಟೆ ನೋಡುದ್ರಾ ಸಾ? ಅದು ಮನೆತನ ಅಂದ್ರೆ! ನನ್ ಗುಟ್ಟು ಕಾಪಾಡಿ, ನಿಮ್ ಕಾಲ್ಗೆ ಬೀಳ್ತೀನಿ."

ಒಂದೇ ಒಂದು ಮಾತು ಹೇಳಿದ್ದರೆ ಇಬ್ಬರ ಎದೆಬಡಿತವೂ ಇಳಿಯುತ್ತಿತ್ತು. ಆದರೆ ಇಬ್ಬರಿಗೂ ಮಾತು ಕೊಟ್ಟಿದ್ದೆ. ಎಮ್ಮೆಯ ಮುಖ ನೋಡುತ್ತ ನಿಂತೆ.

ವೀಳ್ಯಕ್ಕೆ ಮೊದಲು ತಿಂಡಿ. ಬೀಗರಿಬ್ಬರ ನಡುವೆ ನನ್ನ ಎಲೆ. ಒಬ್ಬಟ್ಟು ಬಂತು. ಯಜಮಾನರು ಬೇಡವೆಂದರೆ ಬೀಗರಿಗೆ ಅನುಮಾನ, ಸಾಹುಕಾರರು ಬೇಡವೆಂದರೆ ಹೆಣ್ಣಿನವರಿಗೆ ಅವಮಾನ. ಇಬ್ಬರೂ ಹಾಕಿಸಿಕೊಂಡರು. ಯಜಮಾನರು ಅತ್ತ ತಿರುಗಿದಾಗ ಸಾಹುಕಾರರ ಒಬ್ಬಟ್ಟು ನನ್ನ ಎಲೆಗೆ ಬಂತು, ಸಾಹುಕಾರರು ಇತ್ತ ತಿರುಗಿದಾಗ ಯಜಮಾನರದು ಬಂತು. ಬೀಗರು ಇಷ್ಟಪಟ್ಟು ತಿಂದರೆಂದು ಬಡಿಸುವವರು ಮತ್ತೆ ಮತ್ತೆ ಹಾಕಿದರು. ಇಬ್ಬರ ಮರ್ಯಾದೆಯನ್ನೂ ನಾನು ನುಂಗಬೇಕಾಯಿತು.

ಕೊನೆಗೆ ಜಮಖಾನದ ಮೇಲೆ ಬೀಗರಿಬ್ಬರೂ ಎದುರುಬದುರು ನಿಂತು ತಾಂಬೂಲದ ತಟ್ಟೆ ಹಿಡಿದರು. ಬಗ್ಗಿ ಏಳುವಾಗ ಯಜಮಾನರ ಅಂಗಿಯ ಕೆಳಗಿನಿಂದ ಟವಲಿನ ತುದಿಯೊಂದು ಇಳಿಬಿದ್ದದ್ದನ್ನು ನಾನು ನೋಡಿದೆ. ಕೈತೊಳೆದುಕೊಂಡು ಬಂದ ಸೋದರತ್ತೆಯೂ ನೋಡಿದರು. ಬೀಗರು ಒರೆಸಿಕೊಳ್ಳಲು ಟವಲು ಸಿಕ್ಕಿಸಿಕೊಂಡಿದ್ದಾರೆ ಎಂದುಕೊಂಡು, ಕೈ ಒರೆಸಿಕೊಳ್ಳಲು ಸಲೀಸಾಗಿ ಎಳೆದರು. ಅದು ಬಂತು. ಅದರ ಹಿಂದೆ ಇನ್ನೊಂದು ಬಂತು. ಅದರ ಹಿಂದೆ ಮತ್ತೊಂದು. ಯಜಮಾನರು ಎಲ್ಲರ ಕಣ್ಣೆದುರೇ ಇಳಿಯುತ್ತ ಹೋದರು.

ಬಾಗಿಲ ಮರೆಯಲ್ಲಿ ನಿಂತಿದ್ದ ಮಗಳು ಕಣ್ಣು ಮುಚ್ಚಿಕೊಂಡಳು. ಯಜಮಾನರು ತಟ್ಟೆಯನ್ನು ಬಿಡದೆ ಹೇಳಿದರು, "ನಂಗೆ ಸಕ್ಕರೆ ಕಾಯ್ಲೆ ಅದೆ ಬೀಗ್ರೇ. ಮಗಳ ಮದ್ವೆ ನಿಂತೋಯ್ತದೆ ಅಂತ ಇಂಗ್ ಮಾಡ್ದೆ. ತಪ್ಪು ನಂದು. ಮಗೀದಲ್ಲ."

ಸಾಹುಕಾರರು ನನ್ನನ್ನು ನೋಡಿದರು. ನಾನು ಚಪ್ಪರದ ಗರಿ ನೋಡಿದೆ. ಅವರು ತಟ್ಟೆಯನ್ನು ಯಜಮಾನರ ಕೈಗೇ ಪೂರ್ತಿ ಬಿಟ್ಟು, ಜುಬ್ಬದೊಳಗೆ ಕೈ ಹಾಕಿ, ದಿಂಬನ್ನು ಹೊರಗೆಳೆದರು. ಮಾಸಿದ ಚೀಟಿ ಬಟ್ಟೆಯ ಗವುಸಿನ ಹರಕಿನಿಂದ ಬೂರುಗದ ಹತ್ತಿ ಹಾರಿ ಇಬ್ಬರ ಮೀಸೆಯ ಮೇಲೂ ಕೂತಿತು. ಅದನ್ನು ಜಮಖಾನದ ಮೇಲೆ ಹಾಕಿ, ಕೈಯಲ್ಲಿ ತಟ್ಟಿ ಸರಿಮಾಡಿ ಹೇಳಿದರು, "ಕುಂತ್ಕಳಿ ಬೀಗ್ರೇ. ಮೆತ್ತಗದೆ."

ಆಮೇಲೆ ಎದ್ದ ನಗು ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಬೀಗರಿಬ್ಬರೂ ಅಪ್ಪಿಕೊಂಡರು, ನಡುವೆ ಏನೂ ಅಡ್ಡ ಬರಲಿಲ್ಲ. ಮಗಳು ಅಳುತ್ತ ನಗುತ್ತಿದ್ದಳು. ಸುಳ್ಳೇಕೆ ಹೇಳಲಿ, ನನ್ನ ಕಣ್ಣೂ ಒದ್ದೆಯಾಯಿತು. ತಾಂಬೂಲ ಬದಲಾಯಿತು, ಮದುವೆ ಗಟ್ಟಿಯಾಯಿತು.

ಸೋದರತ್ತೆ ಮಾತ್ರ ನಗಲಿಲ್ಲ. ಕೈಯಲ್ಲಿ ಟವಲುಗಳನ್ನು ಹಿಡಿದುಕೊಂಡೇ ಚಪ್ಪರದಲ್ಲಿದ್ದ ಒಬ್ಬೊಬ್ಬರ ಹೊಟ್ಟೆಯನ್ನೂ ಪರೀಕ್ಷೆ ಮಾಡುವಂತೆ ನೋಡುತ್ತ ಬಂದು ನನ್ನ ಮುಂದೆ ನಿಂತರು.

"ನಿಮ್ದೇನ್ ಸಾ, ದಿಂಬಾ ಟವಲಾ?"

ನಾನು ಉತ್ತರಿಸುವ ಮೊದಲೇ ಬೆರಳಿನಿಂದ ಗಟ್ಟಿಯಾಗಿ ಒತ್ತಿದರು. ಒಬ್ಬಟ್ಟುಗಳ ಸಮೇತ ಅದು ಒತ್ತಿದಲ್ಲೇ ನಿಂತಿತು. ಅವರ ಮುಖ ಅರಳಿತು.

"ಇದು ಅಸಲಿ ಕಣ್ರಪ್ಪೋ!" ಎಂದು ಇಡೀ ಚಪ್ಪರಕ್ಕೆ ಕೇಳುವಂತೆ ಕೂಗಿ, ದಿಂಬನ್ನು ಎಳೆದು ನನ್ನ ಪಕ್ಕದಲ್ಲಿ ಹಾಕಿಕೊಂಡು ಕೂತು, ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿ ಕೇಳಿದರು.

"ನಂಗೂ ಒಬ್ಳು ಮಗಳವಳೆ ಸಾ. ನಿಮ್ಗೆ ಗಂಡ್ ಮಕ್ಳು ಅವ್ರಾ?"